ಬ್ರೂಸ್‌ಪೇಟೆಗೂ ‘ಕಿತ್ತೂರು ಚೆನ್ನಮ್ಮ’ ಸಿನಿಮಾಗೂ ಏನು ನಂಟು?

ಬಳ್ಳಾರಿಯಲ್ಲಿ ಬ್ರೂಸ್‌ಪೇಟೆ ಅಂತ ದಿನಾ ಹೇಳ್ತೀವಿ. ಪೇಟೆ ನಮ್ಮದು, ಬ್ರೂಸ್ ಮಾತ್ರ ಇಂಗ್ಲಿಷರ ಹೆಸರು. ಅವರ ಆಳ್ವಿಕೆ ಅಂದ ಕೂಡ್ಲೇ ನಮ್ಮ ಹಿರಿಯರಿಗೆ ನೆನಪಾಗೋದು 1961ರ ‘ಕಿತ್ತೂರು ಚೆನ್ನಮ್ಮ’. ನಿರ್ದೇಶನ ಬಿ.ಆರ್. ಪಂತುಲು, ರಾಣಿಯಾಗಿ ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜ್‌ಕುಮಾರ್.

ಇಂಥ ಕಥೆ ಹೇಳ್ತಿದ್ದವರು ನಾವಷ್ಟೇ ಅಲ್ಲ. 1957ರಲ್ಲಿ ಪೋಲೆಂಡಿನ ಆಂದ್ರೇ ವಾಯ್ದಾ ‘ಕನಾಲ್’ ತೆಗೆದ್ರು. 1944ರಲ್ಲಿ ನಾಜಿ ಸೇನೆ ವಿರುದ್ಧ ಬಂಡೆದ್ದ ವಾರ್ಸಾ ಹೋರಾಟಗಾರರು ಊರಿನ ಚರಂಡಿ ಸುರಂಗದೊಳಗೆ ದಾರಿ ಹುಡುಕೋ ಕಥೆ ಅದು. ಎರಡೂ ಸೋತವರ ಕಥೆಗಳೇ.

ಕಿತ್ತೂರಿನ ಸಿನಿಮಾದಲ್ಲಿ ಎಲ್ಲರಿಗೂ ನೆನಪಿರೋದು ಕಪ್ಪದ ಮಾತು. ಆದ್ರೆ 1824ರಲ್ಲಿ ಕಿಡಿ ಹೊತ್ತಿದ್ದು ದತ್ತು ವಿಚಾರಕ್ಕೆ. ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ್ರು. ಅವರ ದತ್ತುಮಗನನ್ನ ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನವರು ತಿರುಗಿಬಿದ್ರು, ಥ್ಯಾಕರೆ ಸತ್ತ. ದತ್ತು ಒಪ್ಪದೆ ಸಂಸ್ಥಾನ ನುಂಗೋ ನೀತಿಗೆ ಡಾಲ್‌ಹೌಸಿ ಹೆಸರುವಾಸಿ, ಅಲ್ವಾ? ಆತ ಗವರ್ನರ್ ಜನರಲ್ ಆಗಿ ಬಂದಿದ್ದು 1848ರಲ್ಲಿ, ಅಂದ್ರೆ 24 ವರ್ಷ ಆದ್ಮೇಲೆ!

ಈಗ ಬಳ್ಳಾರಿಗೆ ಬರೋಣ. ಆಗ ದಖ್ಖನ್ನಿನ ಕಮಿಷನರ್ ಆಗಿದ್ದ ವಿಲಿಯಂ ಚಾಪ್ಲಿನ್, ಅದಕ್ಕೂ ಮುಂಚೆ ಬಳ್ಳಾರಿಯ ಕಲೆಕ್ಟರ್. ಡಿಸೆಂಬರಿನಲ್ಲಿ ದೊಡ್ಡ ಸೇನೆ ಬಂತು, ಕೋಟೆ ಬಿತ್ತು. ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡ್ರು.

ಬಳ್ಳಾರಿ ಸೀಮೆ ಕಂಪನಿ ಕೈಗೆ ಹೋಗಿದ್ದು ಬೇರೆ ಥರ. 1800ರಲ್ಲಿ ಹೈದರಾಬಾದ್ ನಿಜಾಮ, ಕಂಪನಿ ಸೇನೆಯ ಖರ್ಚಿಗೆ ಅಂತ ಒಪ್ಪಂದದಲ್ಲಿ ಇದನ್ನ ಬರೆದುಕೊಟ್ಟ. ಇಲ್ಲಿನ ಜನರನ್ನ ಕೇಳಿದವರು ಯಾರು? ಆಮೇಲೆ ಥಾಮಸ್ ಮನ್ರೋ ಬಂದ. ಪಾಳೇಗಾರರನ್ನ ಬಗ್ಗಿಸಿದ, ಹೊಲ ಅಳೆಸಿದ, ರೈತನ ಹೆಸರಿಗೇ ನೇರವಾಗಿ ಕಂದಾಯ ಬರೆಸಿದ. ಅದೇ ರೈತವಾರಿ ಪದ್ಧತಿ. ಇದರಲ್ಲಿ ಸಿನಿಮಾಕ್ಕೆ ಬೇಕಾದ ಕುದುರೆ, ಕತ್ತಿ ಕಡಿಮೆ. ಆದ್ರೆ ಪರದೇಶಿ ಸರ್ಕಾರ ರೈತನ ಮನೆಬಾಗಿಲು ಮುಟ್ಟಿದ್ದು ಈ ಲೆಕ್ಕದ ಪುಸ್ತಕದಿಂದಲೇ.

ಮುಂದೆ ಕಿತ್ತೂರು ಬಾಂಬೆ ಪ್ರಾಂತ್ಯದಲ್ಲಿ, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿ ಉಳಿದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ, ಕಿತ್ತೂರು 1956ರಲ್ಲಿ. ಅದಾಗಿ ಐದೇ ವರ್ಷಕ್ಕೆ ಈ ಸಿನಿಮಾ ಬಂತು. ಕಿತ್ತೂರಿನ ರಾಣಿ ಬಳ್ಳಾರಿಗೂ ‘ನಮ್ಮ ರಾಣಿ’ ಆದ್ರು.

ಸಿನಿಮಾ ಮತ್ತೊಮ್ಮೆ ನೋಡಿ. ನೋಡುವಾಗ ಕತ್ತಿ ಜೊತೆಗೆ ಕಾಗದದ ಮೇಲೂ ಒಂದು ಕಣ್ಣಿಡಿ. ಮತ್ತೆ ಸಿಗೋಣ.