ತಿರುಚನಾಪಳ್ಳಿಯ ಮುತ್ತಿಗೆಯೂ ಕಳಲೆಯ ಸೋದರರ ಮತಭೇದವೂ

ಇಮ್ಮಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ (೧೭೩೪–೧೭೬೬) ಮೈಸೂರಿನವರು ಕೈಕೊಂಡ ತಿರುಚನಾಪಳ್ಳಿಯ ದಂಡಯಾತ್ರೆಯನ್ನು ನಮ್ಮ ನಾಡಿನ ಚರಿತ್ರೆಯನ್ನು ಬರೆದವರೆಲ್ಲರೂ ಪ್ರಸ್ತಾಪಿಸಿದ್ದಾರೆ. ಆದರೆ ಬಹುಮಟ್ಟಿಗೆ ಅದನ್ನು ಹೈದರಲ್ಲಿಯ ಉತ್ಕರ್ಷಕ್ಕೆ ಪೀಠಿಕೆಯೆಂದೋ, ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ಕಲಹದ ಒಂದು ಅಂಗವೆಂದೋ ಎಣಿಸಿ ಮುಂದೆ ಸಾಗಿರುವರು. ೧೭೫೨ರ ಮೊದಲಿನಿಂದ ೧೭೫೫ರ ಬೇಸಗೆಯವರೆಗೆ, ಮೂರು ವರ್ಷಗಳಿಗೂ ಮಿಕ್ಕು, ಮೈಸೂರಿನ ಸೇನೆಯು ಕಾವೇರಿಯ ಕೆಳದಂಡೆಯಲ್ಲಿ ಬೀಡುಬಿಟ್ಟಿತ್ತು. ಅದು ಅಲ್ಲಿರಬೇಕೆ, ಹಿಂದಿರುಗಬೇಕೆ ಎಂಬ ವಿಷಯದಲ್ಲಿ ರಾಜ್ಯವನ್ನಾಳುತ್ತಿದ್ದ ಇಬ್ಬರು ಸೋದರರಲ್ಲಿಯೇ ತೀವ್ರವಾದ ಮತಭೇದವಿತ್ತು. ಈ ಮತಭೇದದ ಸ್ವರೂಪವೇನು, ಅದು ಏಕೆ ಸಕಾಲದಲ್ಲಿ ತೀರ್ಮಾನಕ್ಕೆ ಬರಲಿಲ್ಲ, ಬಾರದುದರಿಂದ ಏನಾಯಿತು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೧

ಆಗಿನ ರಾಜ್ಯಾಡಳಿತದ ಸ್ಥಿತಿಯನ್ನು ಮೊದಲು ಸಂಗ್ರಹವಾಗಿ ಹೇಳುವುದು ಅವಶ್ಯ. ಸಿಂಹಾಸನದಲ್ಲಿ ಒಡೆಯರಿದ್ದರು, ಅಧಿಕಾರವೆಲ್ಲವೂ ಕಳಲೆಯ ಮನೆತನದವರ ಕೈಯಲ್ಲಿತ್ತು. ಅಣ್ಣನಾದ ದೇವರಾಜಯ್ಯನು ದಳವಾಯಿ; ತಮ್ಮನಾದ ಕರಾಚೂರಿ ನಂಜರಾಜಯ್ಯನು ಸರ್ವಾಧಿಕಾರಿ. ನಂಜರಾಜಯ್ಯನು ತನ್ನ ಮಗಳನ್ನು ಅರಸರಿಗೆ ಕೊಟ್ಟು ವಿವಾಹಮಾಡಿದ್ದುದರಿಂದ ಅರಮನೆಯಲ್ಲಿಯೂ ಅವನ ಮಾತೇ ಮಾತಾಗಿತ್ತು. ಅಣ್ಣನು ವಯೋವೃದ್ಧನು, ಸ್ವಭಾವದಿಂದ ಮುಂದಾಲೋಚನೆಯವನು, ತಮ್ಮನು ಸಾಹಸಪ್ರಿಯನು.

ಕರ್ಣಾಟಕದ ನವಾಬಗಿರಿಗಾಗಿ ಚಂದಾಸಾಹೇಬನಿಗೂ ಮಹಮ್ಮದಾಲಿಗೂ ವಿವಾದವುಂಟಾಗಿ, ೧೭೫೧ರಲ್ಲಿ ಮಹಮ್ಮದಾಲಿಯು ತಿರುಚನಾಪಳ್ಳಿಯ ಕೋಟೆಯಲ್ಲಿ ಮುತ್ತಿಗೆಗೆ ಸಿಕ್ಕಿಕೊಂಡನು. ಚಂದಾಸಾಹೇಬನಿಗೆ ಫ್ರೆಂಚರ ಬೆಂಬಲ. ಮಹಮ್ಮದಾಲಿಗೆ ಇಂಗ್ಲಿಷರ ಬೆಂಬಲ. ಗತಿಗಾಣದ ಮಹಮ್ಮದಾಲಿಯು ಮೈಸೂರಿನ ನೆರವನ್ನು ಯಾಚಿಸಿ, ತನ್ನನ್ನು ಕಾಪಾಡಿದರೆ ತಿರುಚನಾಪಳ್ಳಿಯನ್ನೂ ಅಲ್ಲಿಂದ ಕನ್ಯಾಕುಮಾರಿಯವರೆಗಿನ ಅದರ ಸೀಮೆಯನ್ನೂ ಬಿಟ್ಟುಕೊಡುವುದಾಗಿ ಗುಟ್ಟಾಗಿ ವಾಗ್ದಾನಮಾಡಿದನು. ಈ ಮಾತನ್ನು ನಂಬಿ ನಂಜರಾಜಯ್ಯನು ಸುಮಾರು ೫,೦೦೦ ಕುದುರೆಯನ್ನೂ ೧೦,೦೦೦ ಕಾಲಾಳನ್ನೂ ಕೂಡಿಸಿಕೊಂಡು, ಗುತ್ತಿಯ ಮುರಾರಿರಾಯನ ಮರಾಟೆ ಕುದುರೆಯನ್ನೂ ಸಂಬಳಕ್ಕೆ ಗೊತ್ತುಮಾಡಿ, ಕರೂರಿನ ಮಾರ್ಗವಾಗಿ ೧೭೫೨ರ ಆದಿಭಾಗದಲ್ಲಿ ತಿರುಚನಾಪಳ್ಳಿಯನ್ನು ಸೇರಿದನು. ದೇವರಾಜಯ್ಯನಿಗೆ ಈ ಯಾತ್ರೆಯು ಪ್ರಾರಂಭದಿಂದಲೂ ಸಮ್ಮತವಾಗಿರಲಿಲ್ಲ. ಆದರೂ ಸೇನೆ ಹೊರಟಿತು.

೨

ಮೊದಲ ಕೆಲವು ತಿಂಗಳುಗಳು ತಮ್ಮನ ಪಕ್ಷವನ್ನೇ ಸಮರ್ಥಿಸುವಂತಿದ್ದುವು. ೧೭೫೨ರ ಜೂನ್ ತಿಂಗಳಿನಲ್ಲಿ ಶ್ರೀರಂಗದಲ್ಲಿದ್ದ ಫ್ರೆಂಚರು ಶರಣಾಗತರಾದರು, ಚಂದಾಸಾಹೇಬನು ಹತನಾದನು. ಆಗ ನಂಜರಾಜಯ್ಯನು ಕೋಟೆಯನ್ನು ತನ್ನ ವಶಕ್ಕೆ ಕೊಡಬೇಕೆಂದು ಕೇಳಿದನು. ಮಹಮ್ಮದಾಲಿಯು ಕೋಟೆಯು ಮೊಗಲ್ ಪಾದಶಹನ ಸ್ವತ್ತೆಂದೂ ಕಷ್ಟಕಾಲದಲ್ಲಿ ಆಡಿದ ಮಾತೆಂದೂ ನೆಪಗಳನ್ನು ಒಡ್ಡಿ, ಕಡೆಗೆ ಎರಡು ತಿಂಗಳ ಗಡುವನ್ನು ಬೇಡಿ, ಸದ್ಯಕ್ಕೆ ಶ್ರೀರಂಗದ ದ್ವೀಪವನ್ನು ಬಿಟ್ಟುಕೊಟ್ಟು, ಮೈಸೂರಿನ ೭೦೦ ಮಂದಿ ಸಿಪಾಯಿಗಳನ್ನು ಕೋಟೆಯೊಳಕ್ಕೆ ಸೇರಿಸಿಕೊಂಡನು. ಗಡುವು ಕಳೆಯಿತು, ಕೋಟೆ ಬರಲಿಲ್ಲ.

ಸೇನೆಯನ್ನು ಹಿಂದಕ್ಕೆ ಕರೆಯಿಸಿಕೊಳ್ಳಲು ಇದಕ್ಕಿಂತ ಪ್ರಶಸ್ತವಾದ ಸಮಯವು ಮತ್ತೆ ಒದಗಲಿಲ್ಲ. ಮಿತ್ರನನ್ನು ಕಾಪಾಡಿದ ಕೀರ್ತಿಯು ಮೈಸೂರಿಗೆ ಸಂದಿತ್ತು. ವಚನಭಂಗದ ಅಪಕೀರ್ತಿಯು ನವಾಬನ ಪಾಲಾಗಿತ್ತು. ಬೊಕ್ಕಸವು ಇನ್ನೂ ಬರಿದಾಗಿರಲಿಲ್ಲ. ಆದರೆ ನಂಜರಾಜಯ್ಯನು ಒಳಸಂಚಿನಿಂದ ಕೋಟೆಯನ್ನು ಹಿಡಿಯಲೆತ್ನಿಸಿ ವಿಫಲನಾದ ಮೇಲೆ, ೧೭೫೩ರ ಪ್ರಾರಂಭದ ಹೊತ್ತಿಗೆ ಪುದುಚೇರಿಯ ಡೂಪ್ಲೆಯೊಡನೆ ಸಂಧಿಮಾಡಿಕೊಂಡು, ತಾನು ಯಾರನ್ನು ಕಾಪಾಡಲು ಬಂದನೋ ಅವನನ್ನೇ ಮುತ್ತತೊಡಗಿದನು. ಮಿತ್ರರು ಶತ್ರುಗಳಾದರು, ಶತ್ರುಗಳು ಮಿತ್ರರಾದರು. ಬದಲಾಗದೆ ಉಳಿದದ್ದು ಖರ್ಚೊಂದೇ.

ಈ ಘಟ್ಟದಲ್ಲಿ ಇಬ್ಬರ ಪಕ್ಷಗಳನ್ನೂ ನಿಷ್ಪಕ್ಷಪಾತವಾಗಿ ತೂಗಿ ನೋಡತಕ್ಕದ್ದು ನ್ಯಾಯ. ನಂಜರಾಜಯ್ಯನನ್ನು ಕೇವಲ ಹಟಮಾರಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಅವನ ಬೇಡಿಕೆಯು ಆಧಾರವಿಲ್ಲದುದಲ್ಲ. ಒಪ್ಪಂದವು ಸ್ಪಷ್ಟವಾಗಿತ್ತು, ಅದರಂತೆ ತಾನು ಮಾಡಬೇಕಾದುದನ್ನು ಅವನು ಮಾಡಿದ್ದನು. ಕೋಟೆಯಿಲ್ಲದೆ ಹಿಂದಿರುಗಿದರೆ ಅದುವರೆಗೆ ಸುರಿದ ದ್ರವ್ಯವೆಲ್ಲವೂ ಹೊಳೆಯಲ್ಲಿ ಹುಣಿಸೆಯ ಹಣ್ಣು ತೊಳೆದಂತಾಗುತ್ತಿತ್ತು. ಹೀಗೆ ಹಿಂದಿನ ನಷ್ಟವೇ ಮುಂದಿನ ವೆಚ್ಚಕ್ಕೆ ಕಾರಣವಾಗುತ್ತ ಹೋಯಿತು. ಕಳೆದ ಪ್ರತಿಯೊಂದು ತಿಂಗಳೂ ಹಿಂದಿರುಗುವುದನ್ನು ಮೊದಲಿಗಿಂತ ದುಸ್ಸಾಧ್ಯವಾಗಿ ಮಾಡಿತು.

ದೇವರಾಜಯ್ಯನ ಪಕ್ಷವೋ ರಾಜ್ಯದ ಭೂಸ್ಥಿತಿಯ ಮೇಲೆ ನಿಂತಿತ್ತು. ಮೈಸೂರಿಗೆ ಭಯವಿದ್ದುದು ದಕ್ಷಿಣದಿಂದಲ್ಲ, ಉತ್ತರದಿಂದ. ಪೂನೆಯ ಬಾಲಾಜಿರಾಯ ಪೇಶ್ವೆಯ ದಂಡು ಚೌತಿಗಾಗಿ ಕರ್ಣಾಟಕಕ್ಕೆ ಇಳಿಯುತ್ತಿದ್ದ ಕಾಲವದು. ಹೈದರಾಬಾದಿನ ನಿಜಾಮನೂ ಮೈಸೂರನ್ನು ತನಗೆ ಕಪ್ಪಕೊಡತಕ್ಕ ರಾಜ್ಯವೆಂದೇ ಎಣಿಸಿದ್ದನು. ಆಯ್ದ ಸೇನೆಯನ್ನೆಲ್ಲ ಕೆಳನಾಡಿಗೆ ಕಳುಹಿಸಿ ರಾಜಧಾನಿಯನ್ನು ಬರಿದುಮಾಡುವುದು ಹಿತ್ತಲ ತೋಟಕ್ಕೆ ಬೇಲಿ ಕಟ್ಟಲು ಹೋಗಿ ಮುಂಬಾಗಿಲನ್ನು ತೆರೆದಿಟ್ಟಂತೆ. ಮುಂದೆ ನಡೆದ ಸಂಗತಿಗಳು ಈ ಪಕ್ಷದ ಸತ್ಯವನ್ನು ಸಾಧಿಸಿಕೊಟ್ಟುವು.

ಇಲ್ಲಿ ಸಾಹಿತ್ಯಾಭ್ಯಾಸಿಗಳ ಮನಸ್ಸಿಗೆ ಬರತಕ್ಕ ಒಂದು ವಿಷಯವುಂಟು. ನಂಜರಾಜಯ್ಯನು ಗ್ರಂಥಕರ್ತನೆಂದೂ ಕವಿಗಳ ಆಶ್ರಯದಾತನೆಂದೂ ಪ್ರಸಿದ್ಧನು. ಶಿವಭಕ್ತಿ ಮಾಹಾತ್ಮ್ಯ, ಹಾಲಾಸ್ಯ ಮಾಹಾತ್ಮ್ಯ, ಸೇತು ಮಹಿಮಾದರ್ಶ, ಗರಳಪುರಿ ಮಹಿಮಾದರ್ಶ ಮುಂತಾದ ಕೃತಿಗಳು ಅವನ ಅಂಕಿತದಲ್ಲಿವೆ. ನರಸಿಂಹಕವಿಯ ನಂಜರಾಜಯಶೋಭೂಷಣವೆಂಬ ಸಂಸ್ಕೃತಾಲಂಕಾರ ಗ್ರಂಥಕ್ಕೆ ಅವನೇ ನಾಯಕನು. ಹಾಲಾಸ್ಯವೆಂದರೆ ಮಧುರೆ, ಸೇತುವೆಂದರೆ ರಾಮೇಶ್ವರ. ನವಾಬನು ಮಾತುಕೊಟ್ಟ ಸೀಮೆಯ ದಿಕ್ಕಿನಲ್ಲಿಯೇ ಇವೆರಡು ಕ್ಷೇತ್ರಗಳೂ ಇರುವುದು ಗಮನಾರ್ಹ. ಭಕ್ತಿಗ್ರಂಥಗಳಲ್ಲಿ ರಾಜಕಾರಣವನ್ನು ಹುಡುಕುವುದು ಯುಕ್ತವಲ್ಲ. ಆದರೂ ದಕ್ಷಿಣದ ನಾಡು ಈ ಪುರುಷನಿಗೆ ಬರಿಯ ಕಂದಾಯದ ಸೀಮೆಯಾಗಿರದೆ ಪುಣ್ಯಭೂಮಿಯೂ ಆಗಿದ್ದಿತೆಂಬುದನ್ನು ಮರೆಯಲಾಗದು. ಶ್ರೀರಂಗದಲ್ಲಿ ಮೂರು ವರ್ಷ ಕುಳಿತಿದ್ದವನ ಮನಸ್ಸನ್ನು ಲೆಕ್ಕದ ಕಡಿತಗಳು ಮಾತ್ರವೇ ತಿಳಿಸಲಾರವು.

೩

ಹಾಗಾದರೆ, ವಿರೋಧಿಸಿದ ಅಣ್ಣನು ಯುದ್ಧವನ್ನು ನಿಲ್ಲಿಸಲಿಲ್ಲವೇಕೆ? ಸೇನೆಗೆ ಸಂಬಳ ಹೋಗಬೇಕಾದುದು ಶ್ರೀರಂಗಪಟ್ಟಣದ ಬೊಕ್ಕಸದಿಂದ. ಆ ಪಟ್ಟಣದಲ್ಲಿದ್ದವನು ದೇವರಾಜಯ್ಯ. ಹಣವನ್ನು ತಡೆದರೆ ಸೇನೆ ಹಿಂದಿರುಗಲೇಬೇಕು. ಆದರೆ ಪರದೇಶದಲ್ಲಿರುವ ಸೇನೆಗೆ ಹಣವನ್ನು ತಡೆಯುವುದೆಂದರೆ ತಮ್ಮನನ್ನೂ ಸಾವಿರಾರು ಸ್ವದೇಶೀಯರನ್ನೂ ಶತ್ರುವಿನ ಕೈಗೆ ಒಪ್ಪಿಸುವುದೆಂದೇ ಅರ್ಥ. ಯುದ್ಧವನ್ನು ಒಪ್ಪದವನು ಯೋಧರನ್ನು ಕೈಬಿಡಲಾರನು. ಯೋಧರನ್ನು ಕೈಬಿಡಲಾರದವನು ಯುದ್ಧವನ್ನು ನಡೆಯಿಸಿಯೇ ತೀರಬೇಕು. ದೀರ್ಘಕಾಲದ ದಂಡಯಾತ್ರೆಗಳನ್ನು ವಿರೋಧಿಸಿದವರೆಲ್ಲರೂ ಸಿಕ್ಕಿಬಿದ್ದ ಸಂದಿಗ್ಧವಿದು.

ಎರಡನೆಯದಾಗಿ, ಸೋದರರಲ್ಲಿ ಮತಭೇದವುಂಟಾದರೆ ಅದನ್ನು ತೀರಿಸತಕ್ಕ ಸ್ಥಾನವು ರಾಜ್ಯದಲ್ಲಿ ಇರಲೇ ಇಲ್ಲ. ನ್ಯಾಯವಾಗಿ ಆ ಸ್ಥಾನವು ಅರಸರದು. ಆದರೆ ಅರಸರ ಮಾತಿಗೆ ಬೆಲೆಯಿಲ್ಲದಂತೆ ಮಾಡಿದವರು ಈ ಸೋದರರೇ. ಆದಕಾರಣ ತಮ್ಮನನ್ನು ಹಿಂದಕ್ಕೆ ಕರೆಯಲು ಅಣ್ಣನಿಗೆ ಅಣ್ಣನೆಂಬ ಹಕ್ಕಲ್ಲದೆ ಬೇರೊಂದು ಹಕ್ಕು ಉಳಿಯಲಿಲ್ಲ.

ಇದೇ ಯುದ್ಧದಲ್ಲಿ ಮೈಸೂರಿನ ಮಿತ್ರರಾಗಿದ್ದ ಫ್ರೆಂಚರ ಸಂಗತಿಯನ್ನು ಹೋಲಿಸಿ ನೋಡಿದರೆ ಈ ಅಂಶವು ವಿಶದವಾಗುತ್ತದೆ. ೧೭೫೩ರ ನವೆಂಬರ್ ತಿಂಗಳಿನಲ್ಲಿ ರಾತ್ರಿಯ ಹೊತ್ತು ಏಣಿಹಾಕಿ ಕೋಟೆಯನ್ನು ಹತ್ತಲು ಅವರು ಮಾಡಿದ ಯತ್ನವು ವಿಫಲವಾಯಿತು. ವೆಚ್ಚವನ್ನು ಸಹಿಸಲಾರದೆ ಪ್ಯಾರಿಸ್ ನಗರದಲ್ಲಿದ್ದವರು ಡೂಪ್ಲೆಯನ್ನು ಹಿಂದಕ್ಕೆ ಕರೆಯಿಸಿಕೊಂಡು ಗೋಡೆಹ್ಯೂ ಎಂಬವನನ್ನು ಕಳುಹಿಸಿದರು. ಅವನು ೧೭೫೪ರ ಅಕ್ಟೋಬರಿನಲ್ಲಿ ಇಂಗ್ಲಿಷರೊಡನೆ ಯುದ್ಧವಿರಾಮವನ್ನು ಮಾಡಿಕೊಂಡನು. ಆ ವರ್ಷವೇ ಮುರಾರಿರಾಯನು ಪ್ರತಿಪಕ್ಷದಿಂದ ಹಣವನ್ನು ಪಡೆದು ಹೊರಟುಹೋದನು. ತನ್ನ ಪ್ರತಿನಿಧಿಯನ್ನು ಹಿಂದಕ್ಕೆ ಕರೆಯಬಲ್ಲ ಒಂದು ಮಂಡಲಿ ಫ್ರೆಂಚರಿಗಿತ್ತು, ಮೈಸೂರಿಗಿರಲಿಲ್ಲ. ಅದೇ ಶತಮಾನದಲ್ಲಿ, ೧೭೮೨ರ ಫೆಬ್ರವರಿಯಲ್ಲಿ, ಅಮೆರಿಕೆಯ ಯುದ್ಧವನ್ನು ಮುಂದುವರಿಸಲಾಗದೆಂದು ಇಂಗ್ಲೆಂಡಿನ ಕಾಮನ್ಸ್ ಸಭೆಯು ೧೯ ಮತಗಳ ಅಂತರದಿಂದ ನಿರ್ಣಯಿಸಿತು. ಮುಂದಿನ ತಿಂಗಳು ಪ್ರಧಾನಮಂತ್ರಿಯು ಅಧಿಕಾರವನ್ನು ಬಿಟ್ಟನು. ಅಲ್ಲಿ ವಾದವು ಮತದಿಂದ ಮುಗಿಯಿತು. ಇಲ್ಲಿ ವಾದವು ಮುಗಿಯಲು ಶತ್ರುವೇ ಬರಬೇಕಾಯಿತು.

೪

ಮಿತ್ರರೆಲ್ಲರೂ ಕೈಬಿಟ್ಟರೂ ನಂಜರಾಜಯ್ಯನು ಯುದ್ಧವಿರಾಮವು ತನ್ನನ್ನು ಬಂಧಿಸದೆಂದು ಹೇಳಿ ಶ್ರೀರಂಗದಲ್ಲಿಯೇ ನಿಂತನು. ೧೭೫೫ರ ಏಪ್ರಿಲ್ ತಿಂಗಳಿನಲ್ಲಿ ಸಲಾಬತ್ ಜಂಗನು ಫ್ರೆಂಚ್ ಸೇನಾಪತಿಯಾದ ಬುಸ್ಸಿಯೊಡಗೂಡಿ ಕಪ್ಪಕ್ಕಾಗಿ ಮೈಸೂರಿನ ಮೇಲೆ ಬರುತ್ತಿರುವನೆಂಬ ವಾರ್ತೆಯು ಮುಟ್ಟಿದ ಮೇಲೆಯೇ ಅವನು ಪಾಳೆಯವನ್ನು ಕಿತ್ತದ್ದು. ಕೆಳನಾಡಿನಲ್ಲಿ ಮೈಸೂರಿನ ಮಿತ್ರರಾಗಿದ್ದ ಫ್ರೆಂಚರೇ ಉತ್ತರದಲ್ಲಿ ಅದರ ರಾಜಧಾನಿಯ ಮೇಲೆ ಬರುತ್ತಿದ್ದುದು ಈ ಯುದ್ಧದ ವಿಪರ್ಯಾಸಗಳಲ್ಲೊಂದು.

ಸೇನೆ ಬರುವುದರೊಳಗೆ ಕಾರ್ಯವು ಮಿಂಚಿಹೋಗಿತ್ತು. ದೇವರಾಜಯ್ಯನು ನಿರುಪಾಯನಾಗಿ ೫೬ ಲಕ್ಷ ರೂಪಾಯಿಗಳನ್ನು ಕೊಡಲೊಪ್ಪಿದನು. ದೇವಸ್ಥಾನಗಳ ಬೆಳ್ಳಿಬಂಗಾರ, ಅರಮನೆಯ ಒಡವೆವಸ್ತು ಎಲ್ಲವನ್ನೂ ಒಟ್ಟುಗೂಡಿಸಿದರೂ ಮೂರನೆಯ ಒಂದು ಪಾಲು ಮಾತ್ರ ಒದಗಿತೆಂದು ವಿಲ್ಕ್ಸನು ಬರೆದಿದ್ದಾನೆ. ಉಳಿದುದಕ್ಕೆ ಸಾಹುಕಾರರು ಹೊಣೆನಿಂತು ಒತ್ತೆಯಾಳುಗಳಾಗಿ ಹೋದರು; ಹಣವು ಸಲ್ಲದೆ ಅವರಲ್ಲಿ ಹಲವರು ಸೆರೆಯಲ್ಲಿಯೇ ಮಡಿದರು. ತಿರುಚನಾಪಳ್ಳಿಯ ಯುದ್ಧಕ್ಕೆ ವೆಚ್ಚವಾದುದು ಮೂರು ಕೋಟಿ ರೂಪಾಯಿಗಳಿಗೆ ಕಡಿಮೆಯಿಲ್ಲವೆಂಬ ಲೆಕ್ಕವು ರೂಢಿಯಲ್ಲಿದೆ. ಅದಕ್ಕೆ ಪ್ರತಿಯಾಗಿ ಒಂದು ಗ್ರಾಮವೂ ಮೈಸೂರಿಗೆ ದೊರೆಯಲಿಲ್ಲ.

೫

ಸೇನೆ ಹಿಂದಿರುಗಿದುದರಿಂದ ವಿವಾದವು ಶಾಂತವಾಗಬೇಕಾಗಿತ್ತು, ಹಾಗಾಗಲಿಲ್ಲ. ಅದುವರೆಗೆ ಇಬ್ಬರು ಸೋದರರಲ್ಲಿ ಅಡಗಿದ್ದುದು ಈಗ ಬೀದಿಗೆ ಬಂದಿತು. ೧೭೫೬ರಲ್ಲಿ ಮಂತ್ರಿಗಳ ಹಿಡಿತದಿಂದ ಬಿಡಿಸಿಕೊಳ್ಳಲು ಅರಸರ ಪಕ್ಷದವರು ಹವಣಿಸಿದಾಗ ನಂಜರಾಜಯ್ಯನು ಅರಮನೆಯ ಮೇಲೆಯೇ ಫಿರಂಗಿಯನ್ನು ಹಾರಿಸಿ, ಒಳನುಗ್ಗಿ, ಅರಸರ ಕಣ್ಣೆದುರಿನಲ್ಲಿ ಅವರ ಅನುಚರರ ಕಿವಿಮೂಗುಗಳನ್ನು ಕೊಯ್ಯಿಸಿದನು. ಇದನ್ನು ಸಹಿಸಲಾರದೆ ದೇವರಾಜಯ್ಯನು ೧೭೫೭ರಲ್ಲಿ ಪಟ್ಟಣವನ್ನು ಬಿಟ್ಟು ಸತ್ಯಮಂಗಲಕ್ಕೆ ಹೊರಟುಹೋದನು. ಅದೇ ವರ್ಷ ಪೇಶ್ವೆಯು ಶ್ರೀರಂಗಪಟ್ಟಣವನ್ನು ಮುತ್ತಿ ೩೨ ಲಕ್ಷಕ್ಕೆ ಒಪ್ಪಿಸಿದನು. ಕೈಯಲ್ಲಿ ಹಣವಿಲ್ಲದೆ ಹಲವು ತಾಲ್ಲೂಕುಗಳನ್ನು ಅಡವಿಡಬೇಕಾಯಿತು.

೧೭೫೮ರಲ್ಲಿ ಸಂಬಳ ಕಾಣದ ಸಿಪಾಯಿಗಳು ನಂಜರಾಜಯ್ಯನ ಬಾಗಿಲಿನಲ್ಲಿ ಧರಣಿ ಕೂತರು. ಒಳಕ್ಕೆ ಅನ್ನವೂ ನೀರೂ ಹೋಗದಂತೆ ತಡೆದು ಕೂರುವ ಈ ಕ್ರಮವು ಸಾಲಗಾರನ ಮನೆಯ ಮುಂದೆ ಸಾಲಕೊಟ್ಟವನು ಅನುಸರಿಸುತ್ತಿದ್ದ ಹಳೆಯ ಪದ್ಧತಿ. ಇಲ್ಲಿ ಸಾಲಗಾರನು ರಾಜ್ಯದ ಸರ್ವಾಧಿಕಾರಿ. ಸಾಲಕೊಟ್ಟವರು ಅವನ ಯೋಧರು. ಯಾತ್ರೆಯು ಯುಕ್ತವೋ ಅಯುಕ್ತವೋ ಎಂದು ಅವರನ್ನು ಯಾರೂ ಕೇಳಿರಲಿಲ್ಲ; ಅವರ ಉತ್ತರವು ಈ ರೂಪದಲ್ಲಿ ಬಂದಿತು.

ಆ ವೇಳೆಗೆ ದಿಂಡಿಗಲ್ಲಿನ ಫೌಜುದಾರನಾಗಿದ್ದ ಹೈದರಲ್ಲಿಯು ಮಧ್ಯಸ್ಥನಾಗಿ ಬಂದು, ದೇವರಾಜಯ್ಯನನ್ನು ಸತ್ಯಮಂಗಲದಿಂದ ಒಡಂಬಡಿಸಿ ಕರೆತಂದನು. ಮೈಸೂರು ನಗರದಲ್ಲಿ ಅಣ್ಣತಮ್ಮಂದಿರ ಸಮಾಧಾನವಾಯಿತು. ಆದರೆ ೧೭೫೮ರ ಜೂನ್ ತಿಂಗಳಿನಲ್ಲಿಯೇ ದೇವರಾಜಯ್ಯನು ತೀರಿಕೊಂಡನು. ಹೈದರಲ್ಲಿಯು ಸಿಪಾಯಿಗಳ ಬಾಕಿಯನ್ನು ತೀರಿಸಿ, ೪,೦೦೦ ಕುದುರೆಯನ್ನು ಸೇವೆಯಿಂದ ಬಿಡಿಸಿದನು. ಮರುವರ್ಷ ಮತ್ತೊಮ್ಮೆ ಧರಣಿಯಾದಾಗ ನಂಜರಾಜಯ್ಯನೇ ಅಧಿಕಾರವನ್ನು ಬಿಟ್ಟುಕೊಟ್ಟು ಮೈಸೂರಿಗೆ ಬಂದು ನೆಲಸಿದನು. ಅಲ್ಲಿಯೂ ಇರಗೊಡದೆ ಹೈದರಲ್ಲಿಯು ಮೈಸೂರು ಕೋಟೆಯನ್ನು ಮುತ್ತಿ, ಅವನನ್ನು ಕೊಣನೂರಿಗೆ ಕಳುಹಿಸಿದನು. ಪರರ ಕೋಟೆಯನ್ನು ಮೂರು ವರ್ಷ ಕಾದವನು ಕಡೆಗೆ ತನ್ನ ನಾಡಿನ ಕೋಟೆಯೊಳಗೇ ಮುತ್ತಿಗೆಗೆ ಸಿಕ್ಕಿದನು.

೬

ಈ ಚರಿತ್ರೆಗೆ ನಮಗಿರುವ ಮುಖ್ಯ ಆಧಾರಗಳಲ್ಲಿ ಆರ್ಮೆಯ ಗ್ರಂಥವು ಇಂಗ್ಲಿಷರ ಪಾಳೆಯದಿಂದ ನೋಡಿ ಬರೆದುದು. ವಿಲ್ಕ್ಸನು ೧೮೧೦ರಲ್ಲಿ ಪ್ರಕಟಿಸಲಾರಂಭಿಸಿದ ಗ್ರಂಥವು ಅರ್ಧಶತಮಾನದ ತರುವಾಯದ್ದು. ಕನ್ನಡ ಗದ್ಯದ ಹೈದರ್ ನಾಮೆಯಾದರೋ, ಹೆಸರೇ ಹೇಳುವಂತೆ, ಗೆದ್ದವನ ಚರಿತ್ರೆ. ಈ ಮೂರರಲ್ಲಿಯೂ ಸೋತ ತಮ್ಮನಿಗೆ ನಿಂದೆಯೂ ಗೆದ್ದ ಹೈದರನಿಗೆ ಪ್ರಶಂಸೆಯೂ ಸಂದಿರುವಷ್ಟು, ಮೊದಲೇ ಬೇಡವೆಂದ ಅಣ್ಣನಿಗೆ ಗಮನವು ಸಂದಿಲ್ಲ.

ದೇವರಾಜಯ್ಯನು ಹೇಳಿದ್ದು ನಿಜವಾಯಿತು. ಆದರೆ ನಿಜವನ್ನು ಹೇಳಿದುದರಿಂದ ಅವನು ನಿರ್ದೋಷಿಯಾಗಲಿಲ್ಲ. ಅರಸರ ವಾಕ್ಕನ್ನು ಅಡಗಿಸುವುದರಲ್ಲಿ ಅವನೂ ಭಾಗಿಯಾಗಿದ್ದನು. ತಾನೇ ಮುಚ್ಚಿದ ಬಾಗಿಲನ್ನು, ಬೇಕಾದಾಗ, ಅವನು ತೆರೆಯಲಾರದೆ ಹೋದನು. ಒಂದು ರಾಜ್ಯದಲ್ಲಿ ಯುದ್ಧ ಸಾಕೆಂದು ಹೇಳಲು ಅಧಿಕಾರವುಳ್ಳ ಸ್ಥಾನವಿಲ್ಲದಿದ್ದರೆ ಆ ಮಾತು ಹೇಳದೆ ಉಳಿಯುವುದಿಲ್ಲ. ಬರಿದಾದ ಬೊಕ್ಕಸವೂ ಗಡಿದಾಟಿದ ಶತ್ರುವೂ ಬಾಗಿಲಲ್ಲಿ ಕೂತ ಸಿಪಾಯಿಯೂ ಅದನ್ನು ಹೇಳುತ್ತವೆ. ಆಗ ರಾಜ್ಯವು ವಾದದಲ್ಲಿ ಗೆದ್ದವನಿಗೂ ದಕ್ಕುವುದಿಲ್ಲ, ಸೋತವನಿಗೂ ದಕ್ಕುವುದಿಲ್ಲ. ಬಾಕಿಯನ್ನು ತೀರಿಸಿದವನಿಗೆ ದಕ್ಕುತ್ತದೆ. ೧೭೬೧ರ ಹೊತ್ತಿಗೆ ಮೈಸೂರಿನಲ್ಲಿ ನಡೆದುದು ಇದೇ.