ಅಪ್ಪಣೆ ಹೊತ್ತ ಬಟ್ಟೆ: ತೈವಾನಿನ ತಾವೊ ದೇಗುಲಗಳಲ್ಲಿ ಬಾವುಟದ ಅರ್ಥ

ತೈವಾನಿನ ದಕ್ಷಿಣದ ತೈನಾನ್ ಸೀಮೆಯ ಹಳ್ಳಿಗುಡಿಗಳಲ್ಲಿ ದೇವರ ಮುಂದಿನ ಮೇಜಿನ ಮೇಲೆ ಐದು ಸಣ್ಣ ತ್ರಿಕೋನ ಬಾವುಟಗಳು ಸಾಮಾನ್ಯವಾಗಿ ಕಾಣುತ್ತವೆ. ಮರದ ಪೀಠಕ್ಕೆ ಸಿಕ್ಕಿಸಿದ ಗೇಣುದ್ದದ ಕೋಲು, ಗರಗಸದ ಹಲ್ಲಿನಂತೆ ಕತ್ತರಿಸಿದ ಅಂಚುಪಟ್ಟಿ, ನಡುವೆ ಒಂದೇ ಒಂದು ಅಕ್ಷರ. ಎದುರಿಗೆ ಊದುಬತ್ತಿಯ ಬೂದಿ ತುಂಬಿದ ಪಾತ್ರೆ ಇರುವುದರಿಂದ ವರ್ಷಗಳು ಕಳೆದಂತೆ ಬಟ್ಟೆಗೆ ಹೊಗೆ ಹಿಡಿದು ಹಳದಿ ಕಂದಾಗುತ್ತದೆ, ಬಿಳಿ ಮಾಸುತ್ತದೆ. ಆ ಅಕ್ಷರವನ್ನು ‘ಲಿಂಗ್’ ಎಂದು ಓದುತ್ತಾರೆ. ಅದರ ಅರ್ಥ ಅಪ್ಪಣೆ. ಇಂಥ ಬಾವುಟಕ್ಕೆ ‘ಲಿಂಗ್‌ಛಿ’ ಎಂದು ಹೆಸರು.

ತಾವೊ ಧರ್ಮದ ಬಾವುಟಗಳನ್ನು ವಿವರಿಸುವ ಬರಹಗಳು ಹೆಚ್ಚಾಗಿ ಬಣ್ಣದಿಂದ ಶುರುವಾಗಿ ಬಣ್ಣದಲ್ಲೇ ಮುಗಿಯುತ್ತವೆ. ಪೂರ್ವಕ್ಕೆ ಹಸಿರು, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಬಿಳಿ, ಉತ್ತರಕ್ಕೆ ಕಪ್ಪು, ನಡುವಿಗೆ ಹಳದಿ. ಮರ, ಬೆಂಕಿ, ಲೋಹ, ನೀರು, ಮಣ್ಣು ಎಂಬ ಐದು ತತ್ತ್ವಗಳಿಗೆ ಒಂದೊಂದು ಬಣ್ಣ. ಇದು ಸರಿಯೇ. ಪೂರ್ವದ ಬಣ್ಣವಾದ ‘ಛಿಂಗ್’ ಹಸಿರು, ನೀಲಿ ಎರಡನ್ನೂ ಒಳಗೊಳ್ಳುವ ಹಳೆಯ ಪದವಾದ್ದರಿಂದ ಒಂದು ಗುಡಿಯಲ್ಲಿ ಹಸಿರು ಬಾವುಟವಿದ್ದರೆ ಇನ್ನೊಂದರಲ್ಲಿ ನೀಲಿಯಿರುತ್ತದೆ ಎಂಬುದನ್ನೂ ಸೇರಿಸಬಹುದು. ಆದರೆ ಬಣ್ಣ ಹೇಳುವುದು ದಿಕ್ಕನ್ನು ಮಾತ್ರ. ಬಾವುಟ ಅಲ್ಲಿ ಮಾಡುವ ಕೆಲಸವನ್ನು ಹೇಳುವುದು ಆ ಅಕ್ಷರ. ಈ ಬಾವುಟ ಯಾವುದೋ ತತ್ತ್ವದ ಸಂಕೇತವಾಗಿ ನಿಂತದ್ದಲ್ಲ. ಒಬ್ಬರ ಅಧಿಕಾರವನ್ನು ಇನ್ನೊಬ್ಬರ ಕೈಗೆ ದಾಟಿಸುವ ಹುಕುಂ ಎಂಬುದು ಈ ಲೇಖನದ ವಾದ.

ಐದು ಬಾವುಟಗಳು ಐದು ದಂಡಿನ ಪಾಳೆಯಗಳಿಗೆ ಸೇರಿದವು. ಇವಕ್ಕೆ ‘ವೂಯಿಂಗ್’, ಅಂದರೆ ಐದು ಪಾಳೆಯ ಎಂದೇ ಹೆಸರು. ಬಹುಕಡೆ ಪ್ರಚಲಿತವಾದ ಪಟ್ಟಿಯಂತೆ ಪೂರ್ವದಲ್ಲಿ ಒಂಬತ್ತು ‘ಯಿ’ ದಂಡುಗಳು, ದಕ್ಷಿಣದಲ್ಲಿ ಎಂಟು ‘ಮಾನ್’, ಪಶ್ಚಿಮದಲ್ಲಿ ಆರು ‘ರೋಂಗ್’, ಉತ್ತರದಲ್ಲಿ ಐದು ‘ದಿ’, ನಡುವೆ ಮೂರು ‘ಛಿನ್’. ಜಾಂಗ್, ಶಿಯಾವ್, ಲಿಯು, ಲಿಯೆನ್, ಲಿ ಎಂಬ ಮನೆತನದ ಹೆಸರಿನ ಐವರು ದಳವಾಯಿಗಳು. ನಡುವಿನ ಪಾಳೆಯದ ಲಿ ಎಂದರೆ ಬಾಲದೇವತೆ ನೇಜ. ಪೂರ್ವದ ದಂಡಿನಲ್ಲಿ 90,000 ಸೈನಿಕರು, ದಕ್ಷಿಣದಲ್ಲಿ 80,000, ಹೀಗೆ ಲೆಕ್ಕ ಇಳಿಯುತ್ತದೆ. ಐದೂ ಸೇರಿದರೆ 3,10,000. ಊರೂರಿಗೆ ಪಾಠಭೇದಗಳಿವೆ.

ಈ ಪಟ್ಟಿಯ ಮೂಲ ಕುತೂಹಲಕರ. ಯಿ, ಮಾನ್, ರೋಂಗ್, ದಿ ಎಂಬವು ಪ್ರಾಚೀನ ಚೀನಾ ತನ್ನ ಗಡಿಯಾಚೆಯ ಜನರಿಗೆ ಕೊಟ್ಟ ಹೆಸರುಗಳು. ‘ಲೀಜಿ’ ಎಂಬ ಆಚಾರಗ್ರಂಥದ ‘ಮಿಂಗ್‌ತಾಂಗ್ ವೆಯ್’ ಅಧ್ಯಾಯದಲ್ಲಿ ಝೌ ಅರಸುಮನೆತನದ ಒಡ್ಡೋಲಗದ ವರ್ಣನೆಯಿದೆ. ಅದರಲ್ಲಿ ಒಂಬತ್ತು ಯಿ ನಾಡಿನವರು ಪೂರ್ವದ ಬಾಗಿಲ ಹೊರಗೆ, ಎಂಟು ಮಾನ್ ನಾಡಿನವರು ದಕ್ಷಿಣದ ಬಾಗಿಲ ಹೊರಗೆ, ಆರು ರೋಂಗ್ ಪಶ್ಚಿಮಕ್ಕೆ, ಐದು ದಿ ಉತ್ತರಕ್ಕೆ ನಿಲ್ಲುತ್ತಾರೆ. ಹೆಸರು, ದಿಕ್ಕು, ಸಂಖ್ಯೆ ಮೂರೂ ತೈವಾನಿನ ಹಳ್ಳಿಯ ಪಟ್ಟಿಯೊಡನೆ ಹೊಂದುತ್ತವೆ. ‘ಅರ್‌ಯಾ’ ಎಂಬ ಹಳೆಯ ನಿಘಂಟಿನ ಲೆಕ್ಕ ಬೇರೆ: ಅಲ್ಲಿ ದಿಗಳು ಎಂಟು, ರೋಂಗ್‌ಗಳು ಏಳು, ಮಾನ್‌ಗಳು ಆರು. ಹಾಗಾಗಿ ನಮ್ಮ ಪಟ್ಟಿ ಸೇರುವುದು ಮೊದಲಿನ ಪರಂಪರೆಗೆ. ನಡುವಿನ ಛಿನ್ ಮಾತ್ರ ಆ ಓಲಗದಲ್ಲಿ ಇಲ್ಲ. ಅರಸನ ಬಾಗಿಲ ಹೊರಗೆ ನಿಂತಿದ್ದ ಪರಕೀಯರು ಇಲ್ಲಿ ಊರದೇವರ ಕಾವಲು ದಂಡಾಗಿದ್ದಾರೆ. ಒಳಗಿನವರನ್ನು ಕಾಯಲು ಹೊರಗಿನವರನ್ನೇ ನೇಮಿಸುವ ಈ ಏರ್ಪಾಟಿನಲ್ಲಿ ಅಪ್ಪಣೆಯ ಚಿಹ್ನೆ ಇಲ್ಲದಿದ್ದರೆ ದಂಡು ಯಾರ ಮಾತನ್ನೂ ಕೇಳಬೇಕಾಗಿಲ್ಲ.

ಬಾವುಟ ಕೆಲಸಕ್ಕೆ ಇಳಿಯುವುದು ‘ಫಾಶಿ’ಯ ಕೈಯಲ್ಲಿ. ಇವನು ದೀಕ್ಷೆ ಪಡೆದ ತಾವೊ ಪುರೋಹಿತನಲ್ಲ. ಆಡುಮಾತಿನಲ್ಲಿ ಹಾಡಿ ವಿಧಿ ನಡೆಸುವ ಊರಿನ ಮಾಂತ್ರಿಕ. 1968ರಲ್ಲಿ ತೈನಾನಿನಲ್ಲಿ ತಾವೊ ಪುರೋಹಿತನಾಗಿ ದೀಕ್ಷೆ ಪಡೆದ ವಿದ್ವಾಂಸ ಕ್ರಿಸ್ಟೊಫರ್ ಶಿಪ್ಪರ್, ಈ ಇಬ್ಬರ ವಿಧಿಗಳನ್ನು ಶಾಸ್ತ್ರೀಯ, ದೇಶೀ ಎಂದು ಬೇರ್ಪಡಿಸಿ ಅವುಗಳ ಸಂಬಂಧವನ್ನು 1985ರ ಲೇಖನವೊಂದರಲ್ಲಿ ಚರ್ಚಿಸಿದ್ದಾರೆ. ಫಾಶಿಯ ಬಾವುಟಗಳನ್ನು ‘ಜಾನಪದ’ವೆಂದು ಬದಿಗಿಟ್ಟು ತಾವೊ ದೇಗುಲದ ಆಚರಣೆಯನ್ನು ಬರೆಯಲಾಗದು ಎಂಬುದು ನನ್ನ ನಿಲುವು, ಎರಡೂ ಒಂದೇ ಗುಡಿಯ ಅಂಗಳದಲ್ಲಿ ನಡೆಯುತ್ತವೆ.

ದಂಡನ್ನು ಕರೆಯುವಾಗ ಫಾಶಿ ಕೊಂಬು ಊದುತ್ತಾನೆ, ಹಾವಿನ ತಲೆಯ ಹಿಡಿಯುಳ್ಳ ಚಾಟಿಯನ್ನು ನೆಲಕ್ಕೆ ಬಡಿಯುತ್ತಾನೆ, ಒಂದೊಂದೇ ಬಾವುಟ ಹಿಡಿದು ಪೂರ್ವದಿಂದ ಶುರುಮಾಡಿ ಆಯಾ ದಿಕ್ಕಿಗೆ ಬೀಸುತ್ತಾನೆ. ನಡುವಿನದು ಕೊನೆಗೆ. ಊರಿನ ನಾಲ್ಕು ಗಡಿಗಳಲ್ಲೂ ಮಧ್ಯದಲ್ಲೂ ಬಿದಿರಿನ ಗೂಟ ನೆಟ್ಟೋ ಪುಟ್ಟ ಗುಡಿ ಕಟ್ಟಿಯೋ ದಂಡಿಗೆ ಬಿಡಾರ ಮಾಡಿರುತ್ತಾರೆ. ಗುಡಿಯೊಳಗಿನ ಬಾವುಟ ಮತ್ತು ಗಡಿಯ ಗೂಟ ಒಂದೇ ಅಪ್ಪಣೆಯ ಎರಡು ತುದಿಗಳು. ಬಾಡಿಗೆಯ ಸಿಪಾಯಿಗಳಂತೆ ಈ ದಂಡಿಗೂ ಊಟ ಹಾಕಬೇಕು. ತಿಂಗಳಿಗೆ ಎರಡು ಸಲ, ಚಾಂದ್ರಮಾನದ ನಿಶ್ಚಿತ ತಿಥಿಗಳಲ್ಲಿ, ಊರವರು ಅಡುಗೆ ತಂದು ಗುಡಿಯ ಮುಂದೆ ಸಾಲಾಗಿ ಇಡುತ್ತಾರೆ. ಪಕ್ಕದಲ್ಲಿ ಒಂದು ಹೊರೆ ಹಸಿಹುಲ್ಲು, ಒಂದು ಬಕೆಟ್ ನೀರು: ಅದು ಕುದುರೆಗಳಿಗೆ. ಬಾವುಟ ಬರೀ ಸಂಕೇತವಾಗಿದ್ದರೆ ಹುಲ್ಲಿನ ಹೊರೆಗೆ ಅಲ್ಲಿ ಜಾಗವಿರುತ್ತಿರಲಿಲ್ಲ.

ಲೌಕಿಕ ಆಡಳಿತದಲ್ಲೂ ಇದೇ ವ್ಯವಸ್ಥೆಯಿತ್ತು. ಛಿಂಗ್ ಅರಸೊತ್ತಿಗೆ ತನ್ನ ಪ್ರಾಂತಾಧಿಕಾರಿಗಳಿಗೆ ‘ಲಿಂಗ್’ ಅಕ್ಷರದ ಬಾವುಟ ಮತ್ತು ಫಲಕಗಳನ್ನು ಕೊಡುತ್ತಿತ್ತು. ಅವು ಕೈಯಲ್ಲಿದ್ದರೆ ಘೋರ ಅಪರಾಧಿಯನ್ನು ರಾಜಧಾನಿಯ ಒಪ್ಪಿಗೆಗೆ ಕಾಯದೆ ಕೊಲ್ಲಿಸಬಹುದಿತ್ತು. ತೈವಾನಿನ ಜನ ಇಂದಿಗೂ ನಂಬುವ ‘ಕಪ್ಪು ಲಿಂಗ್‌ಛಿ’ ಈ ಅಧಿಕಾರದ್ದೇ ಪ್ರತಿರೂಪ. ಅನ್ಯಾಯವಾಗಿ ಸತ್ತವರ ಆತ್ಮ ಪಾತಾಳದ ನ್ಯಾಯಸ್ಥಾನಕ್ಕೆ ದೂರು ಕೊಟ್ಟು ಕಪ್ಪು ಬಾವುಟ ಪಡೆದರೆ ಅದರ ಸೇಡಿಗೆ ಬೇರೆ ದೇವರು ಅಡ್ಡಬರುವಂತಿಲ್ಲ. ಚೀನೀ ದೇವತೆಗಳನ್ನು ಅಧಿಕಾರಿಗಳ ಸಾಲಿನಂತೆ ವಿವರಿಸಿದ ಆರ್ಥರ್ ವುಲ್ಫ್ ಅವರ 1974ರ ಪ್ರಬಂಧ ಇಂದಿಗೂ ಬೆಲೆಯುಳ್ಳದ್ದು. ಆದರೆ ಬಾವುಟಗಳನ್ನು ಹತ್ತಿರದಿಂದ ನೋಡಿದವರಿಗೆ ಕಚೇರಿಗಿಂತ ದಂಡಿನ ಪಾಳೆಯವೇ ಮೊದಲು ಕಾಣುತ್ತದೆ.

ಎಲ್ಲ ಬಾವುಟಗಳೂ ಹೀಗೆ ಆಜ್ಞಾಪಿಸುವುದಿಲ್ಲ. ‘ಫಾನ್’ ಎಂಬ ಉದ್ದನೆಯ, ಇಳಿಬಿಟ್ಟ ಪಟ ಕರೆಯುತ್ತದೆ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ಸಂಸ್ಕೃತದ ‘ಪತಾಕಾ’ ಪದಕ್ಕೆ ಫಾನ್ ಎಂದೂ ‘ಧ್ವಜ’ಕ್ಕೆ ‘ಛುವಾಂಗ್’ ಎಂದೂ ಅನುವಾದಿಸಿದರು. ನಮಗೆ ಪರಿಚಿತವಾದ ಈ ಎರಡೂ ಮಾತುಗಳು ಲಿಂಗ್‌ಛಿಗೆ ಹೊಂದುವುದಿಲ್ಲ ಎಂಬುದನ್ನು ಗಮನಿಸಬೇಕು. ಸತ್ತವರ ಆತ್ಮವನ್ನು ದಾರಿ ತೋರಿಸಿ ಕರೆತರುವುದು ಫಾನ್. ಊರ ಶುದ್ಧಿಯ ಮಹಾವಿಧಿಯಾದ ‘ಜಿಯಾವ್’ ನಡೆಯುವಾಗ ತುದಿಯ ಎಲೆಗಳನ್ನು ಸವರದೆ ಉಳಿಸಿದ ಎತ್ತರದ ಬಿದಿರುಗಳನ್ನು ನೆಟ್ಟು, ದೇವತೆಗಳನ್ನು ಕರೆಯಲು ಬಟ್ಟೆಯನ್ನೂ ಪ್ರೇತಗಳನ್ನು ಕರೆಯಲು ದೀಪವನ್ನೂ ಏರಿಸುತ್ತಾರೆ. ಗಳು ಎತ್ತರವಾದಷ್ಟೂ ದೂರದ ಪ್ರೇತಗಳಿಗೆ ಕಂಡು ಹೆಚ್ಚು ಹಸಿದವರು ಬರುತ್ತಾರೆ, ಅವರಿಗೆಲ್ಲ ಅನ್ನ ಬೇಕು. ಹಾಗಾಗಿ ಬಿದಿರಿನ ಎತ್ತರ ಊರಿನ ಶಕ್ತಿಗೆ ತಕ್ಕಂತೆ ನಿರ್ಧಾರವಾಗುತ್ತದೆ. ಚೀನಾದ ಕೆಲವು ಮಠಗಳಲ್ಲಿ ಏರಿಸಿದ ಫಾನ್‌ನ ಬಾಲಗಳು ಗಾಳಿಗೆ ತಾವಾಗಿ ಗಂಟುಬೀಳುವುದನ್ನೇ ಕಾಯುತ್ತಾರೆ; ಗಂಟಿನ ಆಕಾರ ದೇವತೆಯ ಉತ್ತರ. ಆಜ್ಞೆ ಕೊಡುವ ಬಾವುಟಕ್ಕೆ ಉತ್ತರ ಬೇಕಿಲ್ಲ, ಕರೆಯುವ ಬಾವುಟಕ್ಕೆ ಬೇಕು.

ಅಪ್ಪಣೆಯ ಬಾವುಟ ಇರುವುದು ಕೊಟ್ಟವನ ಕೈಯಲ್ಲಲ್ಲ, ಪಡೆದವನ ಕೈಯಲ್ಲಿ ಎಂಬುದಕ್ಕೆ ಚೀನಾದ ವೂದಾಂಗ್ ಬೆಟ್ಟವೂ ಸಾಕ್ಷಿ. ಅದರ ತುದಿಯಲ್ಲಿ 1416ರ ಕಂಚಿನ ಸ್ವರ್ಣಮಂಟಪವಿದೆ. ಅಲ್ಲಿ ಉತ್ತರದಿಕ್ಕಿನ ಅಧಿಪತಿ ಝೆನ್‌ವೂ ಬರಿಗೈಯಲ್ಲಿ ಕುಳಿತಿದ್ದಾನೆ. ಬಾವುಟವನ್ನು ಒಬ್ಬ ಸೇನಾನಿಯೂ ಕತ್ತಿಯನ್ನು ಇನ್ನೊಬ್ಬನೂ ಹಿಡಿದಿದ್ದಾರೆ.

ಅಧಿಕಾರ ಕೈದಾಟಿಸುವ ಇದೇ ತರ್ಕ ಸಾಮಾನ್ಯ ಭಕ್ತರ ಕೈಗೂ ಇಳಿದಿದೆ. ಸಮುದ್ರದೇವತೆ ಮಾಜುವಿನ ಜೊತೆ ಬೈಶಾತುನ್‌ನಿಂದ ಬೆಯ್‌ಗಾಂಗ್‌ವರೆಗೆ ನಡೆದುಹೋಗುವವರು ತಲಾ ಒಂದು ಸಣ್ಣ ಬಾವುಟ ಒಯ್ಯುತ್ತಾರೆ. ದಾರಿಯ ಗುಡಿಗಳಲ್ಲಿ ಅದನ್ನು ಧೂಪದ ಹೊಗೆಯ ಮೇಲೆ ಆಡಿಸಿ, ಅಲ್ಲಿ ಕೊಟ್ಟ ಮಂತ್ರದ ಚೀಟಿಯನ್ನು ಕೋಲಿಗೆ ಕಟ್ಟುತ್ತಾರೆ. ಊರಿಗೆ ಮರಳುವಷ್ಟರಲ್ಲಿ ಬಟ್ಟೆಗಿಂತ ಚೀಟಿಗಳೇ ಹೆಚ್ಚು ಕಾಣುತ್ತವೆ. ಮನೆಯ ದೇವರ ಮುಂದೆ ನಿಲ್ಲಿಸಿದ ಆ ಬಾವುಟಕ್ಕೆ ಬೆಲೆ ಬಂದದ್ದು ಅದು ಹಾದುಬಂದ ಹೊಗೆಯಿಂದ.

ಆದ್ದರಿಂದ ಇಂಥ ಬಾವುಟಗಳನ್ನು ದಾಖಲಿಸುವ ಸಂಶೋಧಕರು ಬಣ್ಣ, ಅಳತೆ, ಕಸೂತಿಗಳ ಜೊತೆಗೆ ಅದನ್ನು ಯಾರು ಯಾರಿಗೆ ಕೊಟ್ಟರು, ಯಾವ ಧೂಪಪಾತ್ರೆಯ ಮೇಲೆ ಹಾಯಿಸಿದರು, ಕೊನೆಯ ಸಲ ಯಾವಾಗ ಬೀಸಿದರು ಎಂಬುದನ್ನೂ ಬರೆದುಕೊಳ್ಳಬೇಕು. ಕನ್ನಡದಲ್ಲಿ ಲಿಂಗ್‌ಛಿಯನ್ನು ಧ್ವಜವೆಂದೋ ಪತಾಕೆಯೆಂದೋ ಕರೆಯದೆ ‘ಅಪ್ಪಣೆ ಬಾವುಟ’ ಎಂದು ಕರೆಯಬೇಕೆಂಬುದು ನನ್ನ ಸೂಚನೆ.