ರೋಮ್ ನಗರದ ಕಾಲುಹಾದಿಯ ಶಾಸನ

ರೋಮನರ ಹೆದ್ದಾರಿಗಳ ಕೀರ್ತಿಯನ್ನು ಕೇಳದವರಿಲ್ಲ. ಆದರೆ ಆ ರಾಜಧಾನಿಯ ಒಳಬೀದಿಗಳನ್ನೂ ಅವುಗಳ ಪಕ್ಕದ ಕಾಲುಹಾದಿಗಳನ್ನೂ ಯಾರು ಸುಸ್ಥಿತಿಯಲ್ಲಿಡುತ್ತಿದ್ದರು, ಅದರ ವೆಚ್ಚವು ಯಾರಿಂದ ಬರುತ್ತಿದ್ದಿತು ಎಂಬ ಪ್ರಶ್ನೆಯ ಕಡೆಗೆ ನಮ್ಮ ಗಮನವು ಅಷ್ಟಾಗಿ ಹರಿಯುವುದಿಲ್ಲ. ಪೌರಾಡಳಿತದ ಯೋಗ್ಯತೆಯನ್ನು ತೂಗಿನೋಡಲು ಇದಕ್ಕಿಂತ ಉತ್ತಮವಾದ ಪ್ರಶ್ನೆಯು ದುರ್ಲಭ.

ಈ ವಿಷಯದಲ್ಲಿ ನಮಗೆ ದೊರೆಯುವ ಮುಖ್ಯಾಧಾರವು ಒಂದು ಕಂಚಿನ ಫಲಕ. 1732ರಲ್ಲಿ ದಕ್ಷಿಣ ಇಟಲಿಯ ಪ್ರಾಚೀನ ಹೆರಾಕ್ಲಿಯ ಪಟ್ಟಣದ ಬಳಿ ಇದು ದೊರೆಯಿತು. ಒಂದು ಮುಖದಲ್ಲಿ ದೇವಸ್ಥಾನದ ಭೂಮಿಗೆ ಸಂಬಂಧಿಸಿದ ಹಳೆಯ ಗ್ರೀಕ್ ಲೇಖನವೂ ಹಿಮ್ಮುಖದಲ್ಲಿ ಲ್ಯಾಟಿನ್ ಕಾಯಿದೆಯೂ ಇವೆ. ಈ ಕಾಯಿದೆಯು ಜೂಲಿಯಸ್ ಸೀಸರನ ಒಂದೇ ವಿಧಾನವೋ, ಹಲವು ವಿಧಿಗಳ ಸಂಕಲನವೋ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಕ್ರಿ. ಪೂ. 45ರ ಸುಮಾರಿನದೆಂಬುದು ವಾಡಿಕೆಯ ಎಣಿಕೆ.

ಶಾಸನದ ಮೂಲಸೂತ್ರವು ಸರಳವಾದುದು. ರೋಮ್ ನಗರದಲ್ಲಿಯೂ ಅದರ ಸುತ್ತ ಒಂದು ಮೈಲಿಯೊಳಗೂ ಯಾವನ ಕಟ್ಟಡದ ಮುಂದೆ ಸಾರ್ವಜನಿಕ ಬೀದಿಯಿರುವುದೋ ಅವನೇ ಆ ಬೀದಿಯನ್ನು ಕಾಪಾಡತಕ್ಕದ್ದು. ಅಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳತಕ್ಕದ್ದು. ಕಾಲುಹಾದಿಯಿದ್ದರೆ, ಕಟ್ಟಡದ ಉದ್ದಕ್ಕೂ ಒಡೆಯದ ಕಲ್ಲುಚಪ್ಪಡಿಗಳನ್ನು ಎಡೆಬಿಡದೆ ಹಾಸಿರತಕ್ಕದ್ದು. ಕೆಲಸವು ಸರಿಯಾಗಿದೆಯೇ ಎಂಬ ತೀರ್ಮಾನವು ಮನೆಯವನದಲ್ಲ, ಈಡೈಲನೆಂಬ ನಗರಾಧಿಕಾರಿಯದು. ಅಧಿಕಾರಕ್ಕೆ ಬಂದ ಐದು ದಿನಗಳೊಳಗೆ ಈಡೈಲರು ನಗರದ ಭಾಗಗಳನ್ನು ಒಪ್ಪಂದದಿಂದಲೋ ಚೀಟಿ ಎತ್ತಿಯೋ ತಮ್ಮಲ್ಲಿ ಹಂಚಿಕೊಳ್ಳಬೇಕು. ಒಳಬೀದಿಗಳ ನಿರ್ಮಲೀಕರಣಕ್ಕೆ ನಾಲ್ವರ ಮಂಡಲಿಯೊಂದು ಬೇರೆಯಾಗಿಯೇ ಇದ್ದುದು ಈ ಶಾಸನದಿಂದ ತಿಳಿಯಬರುತ್ತದೆ.

ಮನೆಯೊಡೆಯನು ಉದಾಸೀನನಾದರೆ ಏನು ಗತಿ? ಶಾಸನದ ಜಾಣ್ಮೆಯು ಇಲ್ಲಿ ಕಾಣುತ್ತದೆ. ಈಡೈಲನು ಆ ಕೆಲಸವನ್ನು ಗುತ್ತಿಗೆಗೆ ಕೊಡಬೇಕು. ಆದರೆ ಕನಿಷ್ಠ ಹತ್ತು ದಿನ ಮುಂಚಿತವಾಗಿ, ಯಾವ ಬೀದಿ, ಯಾರ ಕಟ್ಟಡಗಳ ಮುಂದಿನದು, ಗುತ್ತಿಗೆಯ ದಿನ ಯಾವುದು ಎಂಬುದನ್ನು ಚೌಕದಲ್ಲಿ ತನ್ನ ಪೀಠದ ಮುಂದೆ ಪ್ರಕಟಿಸಿ, ಮನೆಗೂ ತಿಳಿವಳಿಕೆ ಕಳುಹಿಸಬೇಕು. ಗುತ್ತಿಗೆಯು ಬಹಿರಂಗವಾಗಿ, ಬೊಕ್ಕಸದ ಅಧಿಕಾರಿಯಾದ ಕ್ವೀಸ್ಟರನ ಮೂಲಕ ನಡೆಯಬೇಕು. ಆತನು ತಪ್ಪಿತಸ್ಥನ ಹೆಸರನ್ನೂ ಮೊತ್ತವನ್ನೂ ಸರ್ಕಾರಿ ಕಡತದಲ್ಲಿ ಬರೆಯಿಸಿ, ಆ ಬಾಕಿಯನ್ನು ಗುತ್ತಿಗೆದಾರನಿಗೆ ವಹಿಸಿಕೊಡುವನು. ವಿಷಯವು ತಿಳಿದ ಮೂವತ್ತು ದಿನಗಳಲ್ಲಿ ಹಣವನ್ನಾಗಲಿ ಜಾಮೀನನ್ನಾಗಲಿ ಕೊಡದವನು ಒಂದೂವರೆಯಷ್ಟು ತೆರಬೇಕು. ಹೀಗೆ ಬೊಕ್ಕಸದ ಹಣವು ಕರಗದೆಯೇ ಬೀದಿಯು ದುರಸ್ತಾಗುತ್ತಿದ್ದಿತು. ಭಾರವು ಒಡೆಯನದು, ನಿರ್ಣಯವು ಈಡೈಲನದು, ಲೆಕ್ಕವು ಕ್ವೀಸ್ಟರನದು; ಒಬ್ಬನ ಕೈಯಲ್ಲಿ ಮೂರೂ ಇರಲಿಲ್ಲ.

ಸಾರ್ವಜನಿಕ ಪಾಲನ್ನೂ ಶಾಸನವು ಮರೆಯಲಿಲ್ಲ. ಒಂದು ಬದಿಗೆ ದೇವಾಲಯವೋ ಸರ್ಕಾರಿ ಕಟ್ಟಡವೋ ಇದ್ದು ಇನ್ನೊಂದು ಬದಿಗೆ ಮನೆಯಿದ್ದರೆ, ಅರ್ಧಭಾಗದ ಕೆಲಸವನ್ನು ಈಡೈಲನೇ ಗುತ್ತಿಗೆಗೆ ಕೊಡಬೇಕು. ಸೂರ್ಯೋದಯದಿಂದ ಹಗಲಿನ ಹತ್ತನೆಯ ಹೊರೆಯವರೆಗೆ, ಎಂದರೆ ಬಹುಮಟ್ಟಿಗೆ ಇಳಿಹೊತ್ತಿನವರೆಗೆ, ಬಂಡಿಗಳಿಗೆ ಪ್ರವೇಶವಿಲ್ಲ. ದೇವಾಲಯ ಮತ್ತು ಸಾರ್ವಜನಿಕ ಕಟ್ಟಡಗಳ ಸಾಮಗ್ರಿಯ ಬಂಡಿಗಳಿಗೆ ವಿನಾಯಿತಿ. ರಾತ್ರಿ ಬಂದ ಬಂಡಿಗಳು ಬರಿದಾಗಿಯಾಗಲಿ ಕಸವನ್ನು ಹೊತ್ತಾಗಲಿ ಹಗಲಿನಲ್ಲಿ ಹೊರಹೋಗಬಹುದಾಗಿತ್ತು.

ಈ ಶಾಸನವನ್ನು ಕೌಟಿಲ್ಯನ ಅರ್ಥಶಾಸ್ತ್ರದೊಡನೆ ಹೋಲಿಸಿದರೆ ಭೇದವು ಸ್ಪಷ್ಟವಾಗುತ್ತದೆ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಆ ಗ್ರಂಥದಲ್ಲಿಯೂ ನಗರವು ನಾಲ್ಕು ಭಾಗವಾಗಿ, ಒಂದೊಂದಕ್ಕೂ ಒಬ್ಬ ಸ್ಥಾನಿಕನಿರುವನು. ಬೀದಿಯಲ್ಲಿ ಧೂಳುಕಸವನ್ನು ಎಸೆದವನಿಗೆ ಪಣದ ಎಂಟನೆಯ ಒಂದು ಭಾಗ, ಕೆಸರುನೀರು ಕಟ್ಟಿನಿಲ್ಲುವಂತೆ ಮಾಡಿದವನಿಗೆ ಕಾಲು ಪಣ ದಂಡ, ರಾಜಮಾರ್ಗದಲ್ಲಾದರೆ ಇಮ್ಮಡಿ. ಕೌಟಿಲ್ಯನ ಈ ವಿಧಿಯು ಕೆಡಿಸಿದವನನ್ನು ಹಿಡಿಯುತ್ತದೆ. ರೋಮನ್ ವಿಧಿಯು ಸರಿಪಡಿಸದವನನ್ನೂ ಹಿಡಿಯುತ್ತದೆ. ಮೊದಲನೆಯದರಿಂದ ಬೀದಿಯು ಶುಚಿಯಾಗಿರಬಹುದು. ಸವೆದ ಕಲ್ಲನ್ನು ಬದಲಾಯಿಸಲು ಎರಡನೆಯದು ಬೇಕು.

ಇದರಲ್ಲಿ ದೋಷವಿಲ್ಲವೆಂದಲ್ಲ. ನಡೆಯುವವರೆಲ್ಲರ ಹಾದಿಯನ್ನು ಒಬ್ಬೊಬ್ಬ ಒಡೆಯನ ಥೈಲಿಗೆ ಕಟ್ಟಿದರೆ, ಹಾದಿಯು ತುಂಡುತುಂಡಾಗುವ ಅಪಾಯವುಂಟು. ಹಣ ತೆತ್ತವನು ಅದನ್ನು ತನ್ನದೆಂದೇ ಭಾವಿಸಲೂಬಹುದು. ಚಪ್ಪಡಿಗಳು ಎಡೆಬಿಡದೆ ಇರತಕ್ಕದ್ದೆಂದು ವಿಧಿಸಿ, ಅದರ ಪರೀಕ್ಷೆಯನ್ನು ಅಧಿಕಾರಿಗೆ ಒಪ್ಪಿಸಿದುದು ಈ ಅಪಾಯಕ್ಕೆ ಪ್ರತೀಕಾರವೆಂದು ನಾವು ಊಹಿಸಬಹುದು. ಪೌರಸಭೆಗಳ ಆಯವ್ಯಯವನ್ನು ವಿಚಾರಮಾಡುವವರು ಈ ಫಲಕದಿಂದ ಕಲಿಯತಕ್ಕ ಅಂಶವು ಇದೇ: ವೆಚ್ಚವು ಯಾರದಾದರೂ ಆಗಲಿ, ನಿರ್ಣಯವು ಮತ್ತೊಬ್ಬನದಾಗಿ, ಲೆಕ್ಕವು ಎಲ್ಲರೆದುರು ತೆರೆದಿದ್ದಲ್ಲದೆ ಕಾಲುಹಾದಿಯು ಸಾರ್ವಜನಿಕವೆನಿಸದು.